ನಿದ್ದೆಗೆ ಕರೆಂಟು ಕೊಟ್ಟರೆ ನೆನಪು ನಿಲ್ಲುತ್ತಾ?

ಕುಮಟಾ ಕಡೆಯ ಒಬ್ಬ ತಾಯಿ ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ದರು. ಜಾಹೀರಾತಿನ ವಿಡಿಯೋ. ಒಬ್ಬ ಹುಡುಗ ಹಣೆಗೆ ಪಟ್ಟಿ ಕಟ್ಟಿಕೊಂಡು ಮಲಗ್ತಾನೆ, ಪಟ್ಟಿಯಲ್ಲಿ ನೀಲಿ ಲೈಟು ಮಿನುಗುತ್ತೆ, ಬೆಳಗ್ಗೆ ಎದ್ದವನೇ ಪರೀಕ್ಷೆ ಹಾಲಿನಲ್ಲಿ ಕೂತು ಪಟಪಟ ಅಂತ ಬರೀತಾನೆ. ‘ನಿದ್ದೆಯಲ್ಲೇ ನೆನಪಿನ ಶಕ್ತಿ’ ಅಂತ ಕೊನೆಗೊಂದು ದನಿ. ಬೆಲೆ ಹದಿನೆಂಟು ಸಾವಿರ ರೂಪಾಯಿ.

ಕೆಳಗೆ ಆ ತಾಯಿ ಬರೆದಿದ್ದು ಇಷ್ಟು: ‘ಸರ್, ಮಗ ಸೆಕೆಂಡ್ ಪಿಯು ಸೈನ್ಸ್. ಓದಿದ್ದು ಎಂತದೂ ತಲೆಯಲ್ಲಿ ನಿಲ್ಲೂದಿಲ್ಲ ಅಂತಾನೆ. ಸಂಘದಲ್ಲಿ ಸಾಲ ತೆಗೆದು ಇದನ್ನು ತಗೊಳ್ಳುವಾ ಅಂತ ಇದ್ದೇನೆ. ಸುಳ್ಳಾ ಖರೆಯಾ ನೀವೇ ಹೇಳಿ.’

‘ಸುಳ್ಳು’ ಅಂತ ಒಂದೇ ಪದದಲ್ಲಿ ಉತ್ತರ ಕೊಟ್ಟು ಮುಗಿಸಬಹುದಿತ್ತು. ಸಂಜೆ ಬುಲೆಟಿನ್‌ಗೆ ಅರ್ಧ ಗಂಟೆ ಇತ್ತು, ಅರ್ಜೆಂಟಲ್ಲಿದ್ದೆ. ಆದರೂ ಕೈ ತಡೆಯಿತು. ಯಾಕಂದ್ರೆ ಈ ಜಾಹೀರಾತಿನ ಬುಡದಲ್ಲಿ ಒಂದು ನಿಜವಾದ ಪ್ರಯೋಗ ಇದೆ. ಸುಳ್ಳಿಗಿಂತ ಅಪಾಯ ಯಾವುದು ಗೊತ್ತಾ? ನಿಜದ ಬಾಲ ಹಿಡಿದುಕೊಂಡು ಬರುವ ಸುಳ್ಳು. ಹಾಗಾಗಿ ಸಂಘದ ಸಾಲಕ್ಕೆ ಸಹಿ ಹಾಕುವ ಮೊದಲು ನಿಜ ಎಲ್ಲಿಯವರೆಗಿದೆ, ಎಲ್ಲಿಂದ ಮುಂದೆ ವ್ಯಾಪಾರ ಶುರುವಾಗುತ್ತೆ ಅನ್ನೋದನ್ನ ನೋಡೋಣ.

ಮೊದಲು ನಿದ್ದೆಯ ವಿಷಯ. ನಾವೆಲ್ಲ ಅಂದುಕೊಂಡಿರೋದು ನಿದ್ದೆ ಅಂದ್ರೆ ಸ್ವಿಚ್ ಆಫ್ ಅಂತ. ಮೈ ಮಲಗುತ್ತೆ, ಮಿದುಳೂ ಮಲಗುತ್ತೆ. ತಪ್ಪು. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅನ್ನುವ ಇಬ್ಬರು ಒಂದು ಸರಳ ಪ್ರಯೋಗ ಮಾಡಿದ್ರು. ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನ ಬಾಯಿಪಾಠ ಮಾಡಿಸೋದು. ಕೆಲವು ಸಲ ಆಮೇಲೆ ಮಲಗಿಸೋದು, ಕೆಲವು ಸಲ ಎಚ್ಚರವಾಗಿ ಓಡಾಡಲು ಬಿಡೋದು. ಎಂಟು ಗಂಟೆ ಕಳೆದ ಮೇಲೆ ಕೇಳಿದ್ರೆ, ಮಲಗಿ ಎದ್ದಾಗ ಅರ್ಧಕ್ಕಿಂತ ಹೆಚ್ಚು ನೆನಪಿತ್ತು. ಎಚ್ಚರವಿದ್ದಾಗ ಉಳಿದಿದ್ದು ಸುಮಾರು ಹತ್ತರಲ್ಲೊಂದು ಭಾಗ. ಇಬ್ಬರೇ ಇಬ್ಬರ ಮೇಲಿನ ಪ್ರಯೋಗ, ನಿಜ. ಆದರೆ ನೂರು ವರ್ಷಗಳಲ್ಲಿ ಬೇರೆ ಬೇರೆ ದಾರಿಯಲ್ಲಿ ಅದೇ ಮಾತು ಮತ್ತೆ ಮತ್ತೆ ಹೊರಬಂದಿದೆ: ಓದಿದ ಮೇಲೆ ಬರುವ ನಿದ್ದೆ ಓದಿನದ್ದೇ ಒಂದು ಭಾಗ.

ಅದು ಹೇಗೆ? ಕರಾವಳಿಯವರಿಗೆ ಇದನ್ನ ಹೇಳೋದು ಸುಲಭ. ತದಡಿ ಬಂದರಿಗೆ ಬೋಟು ಬಂತು ಅಂದುಕೊಳ್ಳಿ. ಮೀನು ಇಳಿಯುತ್ತೆ. ದಕ್ಕೆಯ ಮೇಲೆ ರಾಶಿ. ಬಂಗಡೆ, ಭೂತಾಯಿ, ಸಿಗಡಿ, ಕಸ, ಎಲ್ಲ ಒಟ್ಟಿಗೆ. ಅಲ್ಲೇ ಬಿಟ್ಟರೆ ಏನಾಗುತ್ತೆ? ಬೆಳಗಾಗೋದ್ರೊಳಗೆ ಹಾಳು. ಯಾರೋ ಕೂತು ಆರಿಸಬೇಕು. ಇದು ಐಸಿಗೆ, ಇದು ಮಾರ್ಕೆಟ್ಟಿಗೆ, ಇದು ಬಿಸಾಡೋದಕ್ಕೆ ಅಂತ. ಮಿದುಳಿನಲ್ಲಿ ಈ ದಕ್ಕೆಯ ಕೆಲಸ ಮಾಡೋದು ಹಿಪೊಕ್ಯಾಂಪಸ್ ಅನ್ನುವ ಭಾಗ. ಕಿವಿಯಿಂದ ಒಳಕ್ಕೆ, ಎಡಗಡೆ ಒಂದು ಬಲಗಡೆ ಒಂದು. ಹೆಸರಿನ ಅರ್ಥ ಏನು ಗೊತ್ತಾ? ಗ್ರೀಕ್ ಭಾಷೆಯಲ್ಲಿ ಕಡಲಕುದುರೆ. ನೋಡೋಕೆ ಹಾಗೇ ಬಾಗಿಕೊಂಡಿರುತ್ತೆ. ಹಗಲು ನೀವು ನೋಡಿದ್ದು, ಕೇಳಿದ್ದು, ಓದಿದ ಫಾರ್ಮುಲಾ ಮೊದಲು ಬಂದು ಬೀಳೋದು ಇಲ್ಲಿ. ಜಾಗ ಕಡಿಮೆ, ಬಾಳಿಕೆಯೂ ಕಡಿಮೆ. ಬಾಳಿಕೆ ಬರುವ ದಾಸ್ತಾನು ಇರೋದು ಮಿದುಳಿನ ಮೇಲ್ಪದರದಲ್ಲಿ, ಕಾರ್ಟೆಕ್ಸ್‌ನಲ್ಲಿ. ದಕ್ಕೆಯಿಂದ ಅಲ್ಲಿಗೆ ಸಾಗಿಸುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆಯೋದು ಗಾಢ ನಿದ್ದೆಯಲ್ಲಿ.

ಗಾಢ ನಿದ್ದೆಯಲ್ಲಿರುವ ಮನುಷ್ಯನ ತಲೆಗೆ ಇಇಜಿ ತಂತಿ ಅಂಟಿಸಿ ನೋಡಿದ್ರೆ ಒಂದು ಚೆಂದದ ದೃಶ್ಯ ಕಾಣುತ್ತೆ. ಎಚ್ಚರದಲ್ಲಿ ಗಜಿಬಿಜಿ ಗೀಚಿದಂತಿರುವ ಗೆರೆ ಈಗ ದೊಡ್ಡ ದೊಡ್ಡ ಅಲೆಗಳಾಗಿ ಏಳುತ್ತೆ, ಬೀಳುತ್ತೆ. ಸೆಕೆಂಡಿಗೆ ಒಂದಕ್ಕಿಂತಲೂ ಕಡಿಮೆ. ಲಕ್ಷಾಂತರ ನರಕೋಶಗಳು ಒಟ್ಟಿಗೆ ಸುಮ್ಮನಾಗ್ತವೆ, ಮರುಕ್ಷಣ ಒಟ್ಟಿಗೆ ಮಾತಾಡ್ತವೆ. ಆ ನಿಧಾನದ ಅಲೆಯ ನೆತ್ತಿಯ ಮೇಲೆ ಇನ್ನೊಂದು ಪುಟ್ಟ ಕಂಪನ ಕೂತಿರುತ್ತೆ. ಸೆಕೆಂಡಿಗೆ 12ರಿಂದ 15 ಸಲ ನಡುಗುವ, ಅರ್ಧ ಒಂದು ಸೆಕೆಂಡಿನಲ್ಲಿ ಮುಗಿದುಹೋಗುವ ಇದಕ್ಕೆ ಸ್ಪಿಂಡಲ್ ಅಂತಾರೆ. ನೂಲು ಸುತ್ತಿದ ಕದಿರಿನ ಹಾಗೆ ನಡುವೆ ದಪ್ಪ, ಎರಡು ತುದಿ ಸಪೂರ. ಇದೇ ಹೊತ್ತಿಗೆ ಒಳಗಿನ ಕಡಲಕುದುರೆಯಲ್ಲಿ ಇನ್ನೂ ವೇಗದ ಒಂದು ಅಲುಗಾಟ. ಹಗಲಿನ ಅನುಭವ ಅಲ್ಲಿ ಫಾಸ್ಟ್ ಫಾರ್ವರ್ಡ್‌ನಲ್ಲಿ ಮತ್ತೊಮ್ಮೆ ಓಡ್ತಾ ಇರುತ್ತೆ.

ಈ ಮೂರೂ ಹೊಂದಿಕೊಂಡಾಗ ಮಾತ್ರ ಸಾಗಾಟ ಸರಿಯಾಗಿ ಆಗೋದು. ಹೊನ್ನಾವರದವರಿಗೆ ಅಳಿವೆಯ ಕಷ್ಟ ಹೊಸದಾಗಿ ಹೇಳಬೇಕಾ? ಶರಾವತಿ ಸಮುದ್ರ ಸೇರುವ ಆ ಬಾಯಲ್ಲಿ ಹೂಳು. ಕಾಸರಕೋಡು ಬಂದರಿಗೆ ಬರುವ ಬೋಟು ಸುಮ್ಮನೆ ನುಗ್ಗೋ ಹಾಗಿಲ್ಲ. ತಾಂಡೇಲ ಹೊರಗೆ ನಿಂತು ಅಲೆ ನೋಡ್ತಾನೆ. ಒಂದು ಬಿಡ್ತಾನೆ, ಎರಡು ಬಿಡ್ತಾನೆ, ಸರಿಯಾದ ಅಲೆ ಎದ್ದಾಗ ಎಂಜಿನ್ ಏರಿಸಿ ಅದರ ಬೆನ್ನ ಮೇಲೆ ಒಳಗೆ ಬರ್ತಾನೆ. ಒಂದು ಕ್ಷಣ ಹೆಚ್ಚುಕಡಿಮೆಯಾದ್ರೆ ಬೋಟು ಮಗುಚಿತು ಅಂತಾನೇ ಅರ್ಥ. (ಅಳಿವೆ ಹೂಳಿನ ಬಗ್ಗೆ ಎಷ್ಟು ಸಲ ಸುದ್ದಿ ಮಾಡಿದ್ದೀವಿ, ಎಷ್ಟು ಮನವಿ ಓದಿದ್ದೀವಿ! ಅದು ಬೇರೆ ಕಥೆ, ಇನ್ನೊಂದು ದಿನಕ್ಕಿರಲಿ.) ನೆನಪಿನ ಬೋಟೂ ಹೀಗೆಯೇ. ನಿಧಾನದ ಅಲೆ ಏಳುವ ಹೊತ್ತಿಗೆ ಸರಿಯಾಗಿ ಬಂದ್ರೆ ಒಳಗೆ, ಇಲ್ಲ ಅಂದ್ರೆ ಹೊರಗೆ.

ಈಗ ಕರೆಂಟಿಗೆ ಬರೋಣ.

2006ರಲ್ಲಿ ಜರ್ಮನಿಯ ಲ್ಯೂಬೆಕ್ ವಿಶ್ವವಿದ್ಯಾಲಯದ ಲಿಸಾ ಮಾರ್ಷಲ್, ಯಾನ್ ಬಾರ್ನ್ ಮತ್ತು ಸಂಗಡಿಗರಿಗೆ ಒಂದು ಪ್ರಶ್ನೆ ಬಂತು. ಈ ನಿಧಾನದ ಅಲೆಯನ್ನ ಹೊರಗಿನಿಂದ ಸ್ವಲ್ಪ ತಳ್ಳಿದ್ರೆ? ಜೋಕಾಲಿ ಆಡುವ ಮಗುವಿಗೆ ಬೆನ್ನಿಗೆ ಕೈ ಕೊಟ್ಟ ಹಾಗೆ. ಹದಿಮೂರು ಜನ ಮೆಡಿಕಲ್ ವಿದ್ಯಾರ್ಥಿಗಳನ್ನ ಕರೆದ್ರು. ರಾತ್ರಿ 46 ಜೋಡಿ ಪದಗಳನ್ನ ಕಲಿಸಿದ್ರು. ಒಂದು ಪದ ಹೇಳಿದ್ರೆ ಅದರ ಜೋಡಿ ಪದ ಹೇಳಬೇಕು, ಅಷ್ಟೇ ಆಟ. ಮಲಗಿಸಿದ್ರು. ಇಇಜಿಯಲ್ಲಿ ನೋಡ್ತಾ ಕೂತು, ನಿದ್ದೆ ಹತ್ತಿದ್ದು ಖಾತ್ರಿ ಮಾಡಿಕೊಂಡು, ಹಣೆಯ ಮೇಲ್ಭಾಗದ ಎರಡೂ ಬದಿಗೆ ತೀರಾ ಮಂದ ವಿದ್ಯುತ್ತನ್ನ ಸೆಕೆಂಡಿಗೆ 0.75 ಸಲ ಏರಿಳಿಯುವಂತೆ ಹರಿಸಿದ್ರು. ಅಂದ್ರೆ ಮಿದುಳಿನ ಸ್ವಂತ ಅಲೆಯ ತಾಳಕ್ಕೇ. ಐದು ನಿಮಿಷ ಕೊಡೋದು, ಒಂದು ನಿಮಿಷ ಬಿಡೋದು. ಹೀಗೆ ಐದು ಸಲ. ಇನ್ನೊಂದು ರಾತ್ರಿ ಅದೇ ಜನಕ್ಕೆ ಅದೇ ತಂತಿ, ಆದರೆ ಕರೆಂಟ್ ಇಲ್ಲ. ಯಾವ ರಾತ್ರಿ ಯಾವುದು ಅಂತ ಮಲಗಿದವರಿಗೆ ಗೊತ್ತಿಲ್ಲ.

ಬೆಳಗ್ಗೆ ಲೆಕ್ಕ ಹಾಕಿದ್ರು. ಕರೆಂಟ್ ಇಲ್ಲದ ರಾತ್ರಿ ಮಲಗಿ ಎದ್ದಾಗ ಸರಾಸರಿ ಎರಡು ಪದ ಹೆಚ್ಚು ನೆನಪಾಗಿತ್ತು. ಕರೆಂಟ್ ಕೊಟ್ಟ ರಾತ್ರಿ ಐದರ ಹತ್ತಿರ. ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯ್ತು. ಜಗತ್ತೆಲ್ಲ ಸುದ್ದಿ. ನಿಮ್ಮ ವಾಟ್ಸಾಪ್‌ಗೆ ಬಂದಿರುವ ಆ ನೀಲಿ ಲೈಟಿನ ಪಟ್ಟಿಯ ಮುತ್ತಜ್ಜ ಈ ಪ್ರಯೋಗವೇ.

ಆದರೆ ಪೇಪರನ್ನ ಪೂರ್ತಿ ಓದಬೇಕು ಸ್ವಾಮಿ. ಅದೇ ಕರೆಂಟನ್ನ ಸೆಕೆಂಡಿಗೆ ಐದು ಸಲದ ವೇಗದಲ್ಲಿ ಕೊಟ್ಟಾಗ ನೆನಪಿಗೆ ಲಾಭ ಆಗಲಿಲ್ಲ. ಬೆರಳಿನ ಕೌಶಲದಂಥ ಕಲಿಕೆಗೆ, ಅಂದ್ರೆ ಟೈಪಿಂಗ್ ಥರದ್ದಕ್ಕೆ, ಪ್ರಯೋಜನ ಆಗಲಿಲ್ಲ. ಮತ್ತೆ ಆ ಎರಡು–ಐದರ ನಡುವೆ ಇರುವ ವ್ಯತ್ಯಾಸ ಎಷ್ಟು? 46ರಲ್ಲಿ ಮೂರು ಜೋಡಿಗಿಂತ ಕಡಿಮೆ. ವಿಜ್ಞಾನಿಗೆ ಇದು ಹಬ್ಬ. ಸಿಇಟಿ ಬರೆಯುವ ಹುಡುಗನಿಗೆ ಹದಿನೆಂಟು ಸಾವಿರದ ಹಬ್ಬವಾ, ನೀವೇ ಹೇಳಿ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮುಗಿದಿದ್ರೆ ನಾನೂ ಒಂದು ಪಟ್ಟಿ ಕೊಳ್ತಿದ್ದೆ. 2013ರಲ್ಲಿ ಬರ್ಲಿನ್‌ನ ಒಂದು ತಂಡ ವಯಸ್ಸಾದವರ ಮೇಲೆ ಇಂಥದ್ದೇ ಪ್ರಯೋಗ ಮಾಡಿತು, ಲಾಭ ಕಾಣಲಿಲ್ಲ. 2015ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದ ತಂಡ ಆರೋಗ್ಯವಂತರ ಮೇಲೆ ಮಾಡಿತು, ಅಲೆಯ ಆಕಾರ ಸ್ವಲ್ಪ ಬೇರೆ ಇಟ್ಟು. ಅಲ್ಲೂ ಇಲ್ಲ. 2017ರಲ್ಲಿ ಮತ್ತೆ ಬರ್ಲಿನ್. ಈ ಸಲ ಅಗ್ನೆಸ್ ಫ್ಲೋಯೆಲ್ ಅವರ ತಂಡ, ಮರೆವು ಶುರುವಾದ ಹದಿನಾರು ಜನ ಹಿರಿಯರು, ಮಧ್ಯಾಹ್ನದ ಒಂದೂವರೆ ಗಂಟೆ ನಿದ್ದೆ. ಇಲ್ಲಿ ಅಲೆಗಳೂ ಬಲವಾದವು, ಸ್ಪಿಂಡಲ್‌ಗಳ ಹೊಂದಾಣಿಕೆಯೂ ಸುಧಾರಿಸಿತು, ಚಿತ್ರಗಳನ್ನ ಗುರುತಿಸೋದ್ರಲ್ಲಿ ಲಾಭ ಕಾಣಿಸಿತು. ಒಂದು ಕಡೆ ಹೌದು, ಒಂದು ಕಡೆ ಇಲ್ಲ. ಟಿವಿ ಡಿಬೇಟ್ ಆಗಿದ್ರೆ ಇಬ್ಬರನ್ನ ಎದುರುಬದುರು ಕೂರಿಸಿ ಜಗಳ ಹಚ್ಚಿಬಿಡ್ತಿದ್ವಿ. ವಿಜ್ಞಾನದಲ್ಲಿ ಹಾಗಲ್ಲ. ಯಾಕೆ ಒಂದು ಕಡೆ ಆಯ್ತು, ಇನ್ನೊಂದು ಕಡೆ ಆಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಕು.

ಒಂದು ಕಾರಣ ನಮ್ಮ ತಲೆಬುರುಡೆ. ನಾನು ಓದಿದ್ದು ಎಂಜಿನಿಯರಿಂಗ್, ಈ ಭಾಗ ನನಗೆ ಇಷ್ಟ, ಸ್ವಲ್ಪ ಸಹಿಸಿಕೊಳ್ಳಿ. ಮಂದ ವಿದ್ಯುತ್ತು ಅಂದ್ರೆ ಎಷ್ಟು? ಸಾಮಾನ್ಯವಾಗಿ ಒಂದರಿಂದ ಎರಡು ಮಿಲಿಆಂಪ್. ಲ್ಯೂಬೆಕ್‌ನಲ್ಲಿ ಕೊಟ್ಟಿದ್ದು ಇನ್ನೂ ಕಡಿಮೆ, ಒಂದು ಮಿಲಿಆಂಪಿನ ಕಾಲುಭಾಗದಷ್ಟು. ನಿಮ್ಮ ಮನೆಯ ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ರೆ ಅದು 30 ಮಿಲಿಆಂಪ್ ಸೋರಿಕೆಗೆ ಟ್ರಿಪ್ ಆಗುತ್ತೆ. ಸ್ವಿಚ್‌ಬೋರ್ಡಿನ ಪುಟ್ಟ ಎಲ್‌ಇಡಿ ಚೆನ್ನಾಗಿ ಉರಿಯೋಕೆ ಸುಮಾರು 20 ಬೇಕು. ಸಿನಿಮಾದಲ್ಲಿ ತೋರಿಸಿ ತೋರಿಸಿ ನಮ್ಮನ್ನ ಹೆದರಿಸಿರುವ ‘ಶಾಕ್ ಟ್ರೀಟ್‌ಮೆಂಟ್’ ಇದೆಯಲ್ಲ, ಅದರಲ್ಲಿ ಸುಮಾರು 800 ಮಿಲಿಆಂಪ್, ಅದೂ ಅರಿವಳಿಕೆ ಕೊಟ್ಟು, ಡಾಕ್ಟರ ಮುಂದೆ. ಇದು ಅದಲ್ಲ. ದಯವಿಟ್ಟು ಎರಡನ್ನೂ ಬೆರೆಸಬೇಡಿ.

ಇಷ್ಟು ಕಮ್ಮಿ ಕರೆಂಟಿನಲ್ಲೂ ಹೆಚ್ಚಿನದು ಮಿದುಳಿಗೆ ಹೋಗೋದೇ ಇಲ್ಲ. ಕರೆಂಟು ಸುಲಭದ ದಾರಿ ಹುಡುಕುತ್ತೆ, ಮಳೆನೀರಿನ ಹಾಗೆ. ಬೆವರು, ಚರ್ಮ, ಮಾಂಸಖಂಡ ಸುಲಭದ ದಾರಿ. ತಲೆಬುರುಡೆ ಕಷ್ಟದ ಗೋಡೆ. ನ್ಯೂಯಾರ್ಕ್‌ನ ಯೋರಿ ಬುಝಾಕಿ ಮತ್ತು ಹಂಗೇರಿಯ ಸಂಗಡಿಗರು ಮೃತದೇಹಗಳ ತಲೆಯೊಳಗೆ ತಂತಿ ಇಟ್ಟು ಅಳೆದ್ರು. 2018ರಲ್ಲಿ ಪ್ರಕಟವಾದ ಲೆಕ್ಕ: ಹೊರಗಿನಿಂದ ಕೊಟ್ಟ ಕರೆಂಟಿನಲ್ಲಿ ಸುಮಾರು ಮುಕ್ಕಾಲು ಭಾಗ ಚರ್ಮ ಮತ್ತು ಬುರುಡೆಯಲ್ಲೇ ಹೋಗುತ್ತೆ. ಒಳಗೆ ತಲುಪಿದ್ದರಿಂದ ಒಂದು ನರಕೋಶದ ವೋಲ್ಟೇಜಿನಲ್ಲಿ ಆಗುವ ಬದಲಾವಣೆ ಒಂದು ಮಿಲಿವೋಲ್ಟಿನ ಪುಟ್ಟ ಪಾಲು. ಸುಮ್ಮನಿರುವ ನರಕೋಶವನ್ನ ಎಬ್ಬಿಸುವ ತಾಕತ್ತು ಅದಕ್ಕಿಲ್ಲ.

ಹಾಗಾದ್ರೆ ಲ್ಯೂಬೆಕ್‌ನಲ್ಲಿ ಏನು ನಡೀತು? ಎಲೆಕ್ಟ್ರಾನಿಕ್ಸ್ ಓದಿದವರಿಗೆ ಟ್ರಾನ್ಸಿಸ್ಟರಿನ ಬಯಾಸ್ ನೆನಪಿರಬಹುದು. ಉಳಿದವರು ಜೋಕಾಲಿಯನ್ನೇ ನೆನಪಿಟ್ಟುಕೊಳ್ಳಿ. ನಿಂತ ಜೋಕಾಲಿಯನ್ನ ಕಿರುಬೆರಳಿನಿಂದ ತೂಗೋಕೆ ಆಗಲ್ಲ. ಆದರೆ ಆಗಲೇ ತೂಗುತ್ತಿರುವ ಜೋಕಾಲಿಗೆ, ಅದರದ್ದೇ ತಾಳಕ್ಕೆ ಸರಿಯಾಗಿ ಪ್ರತಿ ಸಲ ಕಿರುಬೆರಳು ತಾಗಿಸಿದ್ರೆ ಅದು ಇನ್ನಷ್ಟು ಎತ್ತರಕ್ಕೆ ಹೋಗುತ್ತೆ. ಗಾಢ ನಿದ್ದೆಯ ಅಲೆ ಆಗಲೇ ತೂಗುತ್ತಿರುವ ಜೋಕಾಲಿ. ಕರೆಂಟು ಕಿರುಬೆರಳು. ತಾಳ ತಪ್ಪಿದ್ರೆ ಲಾಭ ಇಲ್ಲ. ಮುಖ್ಯವಾಗಿ, ಜೋಕಾಲಿಯೇ ತೂಗದಿದ್ರೆ ಕಿರುಬೆರಳಿಗೆ ಕೆಲಸವೇ ಇಲ್ಲ.

ತಾಳ ಎಷ್ಟು ಮುಖ್ಯ ಅನ್ನೋದಕ್ಕೆ ಇನ್ನೊಂದು ಪ್ರಯೋಗ. 2013ರಲ್ಲಿ ಬಾರ್ನ್ ಅವರ ಬಳಗವೇ ಕರೆಂಟನ್ನ ಬದಿಗಿಟ್ಟು ಸದ್ದನ್ನ ಹಿಡಿಯಿತು. ಮಲಗಿದವರ ಕಿವಿಗೆ ಸಣ್ಣ ‘ಟಿಕ್’ ಸದ್ದು. ಕಂಪ್ಯೂಟರ್ ಇಇಜಿ ನೋಡ್ತಾ, ಅಲೆ ಏಳುವ ಕ್ಷಣಕ್ಕೆ ಸರಿಯಾಗಿ ಸದ್ದು ಮಾಡುತ್ತೆ. ಹನ್ನೊಂದು ಜನರಲ್ಲಿ ಅಲೆಗಳೂ ಬಲವಾದವು, ಪದಗಳ ನೆನಪೂ ಹೆಚ್ಚಿತು. ಅದೇ ಸದ್ದನ್ನ ತಪ್ಪು ಕ್ಷಣಕ್ಕೆ ಕೊಟ್ಟಾಗ ಲಾಭ ಇಲ್ಲ. ಅಳಿವೆಯ ತಾಂಡೇಲನ ಲೆಕ್ಕವೇ. 2023ರಲ್ಲಿ ಲಾಸ್ ಏಂಜಲೀಸ್‌ನ ಇಟ್ಜಾಕ್ ಫ್ರೀಡ್, ಮಾಯಾ ಗೆವಾ-ಸಾಗಿವ್ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನೊಳಗೇ ತಂತಿ ಇಡಿಸಿಕೊಂಡಿದ್ದ ರೋಗಿಗಳು ಒಟ್ಟು ಹದಿನೆಂಟು ಜನ. ಕಡಲಕುದುರೆಯ ಹತ್ತಿರದ ಅಲೆಯನ್ನ ಕೇಳಿಸಿಕೊಂಡು, ಅದರ ತಾಳಕ್ಕೆ ಸರಿಯಾಗಿ ಹಣೆಯ ಹಿಂದಿನ ಭಾಗಕ್ಕೆ ಕರೆಂಟು. ರಾತ್ರಿ ನೋಡಿದ ಚಿತ್ರಗಳನ್ನ ಬೆಳಗ್ಗೆ ಗುರುತಿಸೋದು ಉತ್ತಮವಾಯ್ತು. ಆದರೆ ಅಲ್ಲಿ ತಂತಿ ಇದ್ದಿದ್ದು ಬುರುಡೆಯ ಒಳಗೆ. ಹಣೆಪಟ್ಟಿ ಅಲ್ಲ.

ಅಂದಹಾಗೆ ತಲೆಗೆ ಕರೆಂಟ್ ಕೊಡುವ ಯೋಚನೆ ಹೊಸದಲ್ಲ. ಒಂದನೇ ಶತಮಾನದಲ್ಲೇ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ಶಾಕ್ ಹೊಡೆಯುವ ಮೀನನ್ನ ಹಣೆಗೆ ಇಡಿ ಅಂತ ಬರೆದಿದ್ದಾನೆ. ತೊರಕೆಯ ದೂರದ ಸಂಬಂಧಿ ಆ ಮೀನು. ಅದರ ಬಳಗದವು ನಮ್ಮ ಅರಬ್ಬೀ ಸಮುದ್ರದಲ್ಲೂ ಇವೆ. ಭಟ್ಕಳ ಬಂದರಿನಲ್ಲಿ ಬಲೆ ಬಿಡಿಸುವವರನ್ನ ಕೇಳಿದ್ರೆ ಕೈ ಜುಮ್ ಅಂದ ಕಥೆ ಹೇಳ್ತಾರೆ. ಯಾರೂ ಅದನ್ನ ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳ ತಲೆಗೆ ಕಟ್ಟಿಲ್ಲ, ಪುಣ್ಯ.

ಭಟ್ಕಳ ಅಂದ ಕೂಡಲೇ ನೆನಪಾಯ್ತು. ಅಲ್ಲಿನ ಒಬ್ಬ ಯುವಕನಿಗೆ ಅಣ್ಣ ದುಬೈಯಿಂದ ಬರುವಾಗ ಇಂಥದ್ದೇ ಒಂದು ಪಟ್ಟಿ ತಂದುಕೊಟ್ಟಿದ್ದ. ಹೆಸರು ಬೇಡ, ಕಂಪನಿಯದ್ದೂ ಬೇಡ. ನನ್ನ ಕಾರ್ಯಕ್ರಮ ನೋಡ್ತಾನಂತೆ. ‘ಸರ್, ನೀವು ಎಂಜಿನಿಯರ್ ಅಲ್ವಾ, ಬಿಚ್ಚಿ ನೋಡಿ’ ಅಂತ ಊರಿಗೆ ಹೋದಾಗ ಕೈಗಿಟ್ಟ. ನಮಗೂ ಆ್ಯಂಕರ್ ಆದ ಮೇಲೆ ಸ್ಕ್ರೂಡ್ರೈವರ್ ಹಿಡಿಯುವ ಭಾಗ್ಯ ಸಿಗೋದು ಕಡಿಮೆ. ಬಿಚ್ಚಿದೆ. ಎರಡು ಪ್ಯಾಡ್, ಒಂದು ಪುಟ್ಟ ಬ್ಯಾಟರಿ, ಕರೆಂಟ್ ಹಿಡಿದಿಡುವ ಸರ್ಕಿಟ್, ಒಂದು ಟೈಮರ್, ಆ ನೀಲಿ ಎಲ್‌ಇಡಿ. ಪ್ಯಾಡುಗಳ ನಡುವೆ 5 ಕಿಲೋಓಮ್ ರೆಸಿಸ್ಟರ್ ಹಾಕಿ ಮಲ್ಟಿಮೀಟರ್ ಇಟ್ಟೆ. ಒಂದು ಮಿಲಿಆಂಪಿನ ಆಸುಪಾಸು. ಮುಳ್ಳು ಅಲುಗಾಡಲೇ ಇಲ್ಲ. ಅಂದ್ರೆ ಏರಿಳಿತ ಇಲ್ಲ, ಅಲೆ ಇಲ್ಲ, ಒಂದೇ ಸಮ. ಬಟನ್ ಒತ್ತಿದ ಕ್ಷಣದಿಂದ ಇಪ್ಪತ್ತು ನಿಮಿಷ ಓಡುತ್ತೆ, ನಿಲ್ಲುತ್ತೆ. ಹಾಕಿಕೊಂಡವನು ನಿದ್ದೆಯಲ್ಲಿದ್ದಾನಾ, ರೀಲ್ಸ್ ನೋಡ್ತಿದ್ದಾನಾ? ಅದಕ್ಕೆ ಗೊತ್ತೇ ಆಗಲ್ಲ. ಗೊತ್ತಾಗೋಕೆ ಬೇಕಾದ ಇಇಜಿ ಸೆನ್ಸರೇ ಅದರಲ್ಲಿಲ್ಲ. ಆ ಹುಡುಗನನ್ನ ಕೇಳಿದೆ, ಬಟನ್ ಒತ್ತಿ ಎಷ್ಟು ಹೊತ್ತಿಗೆ ಮಲಗ್ತೀಯಾ ಅಂತ. ‘ಒಂದು ಗಂಟೆ ಆಗ್ತದೆ ಸರ್’ ಅಂದ. ನಿದ್ದೆ ಬರೋ ಮೊದಲೇ ನಿದ್ದೆಯ ಮಷೀನು ಕೆಲಸ ಮುಗಿಸಿ ಮಲಗಿರುತ್ತೆ! ಅವನ ಹಣೆಯ ಎರಡು ಕಡೆ ರೂಪಾಯಿ ನಾಣ್ಯದಷ್ಟಗಲ ಕೆಂಪಗಾಗಿತ್ತು. ಅದೊಂದೇ ಖಚಿತವಾದ ಫಲಿತಾಂಶ.

ಇದನ್ನೇ ಮನೆಯಲ್ಲಿ 9 ವೋಲ್ಟ್ ಬ್ಯಾಟರಿಯಿಂದ ಮಾಡಿಕೊಳ್ಳುವ ವಿಡಿಯೋಗಳೂ ಓಡಾಡ್ತಿವೆ. ಎಂಜಿನಿಯರಿಂಗ್ ಹುಡುಗರಿಗೆ ಹೇಳ್ತಿದ್ದೇನೆ, ಓಮ್‌ನ ನಿಯಮ ನಿಮಗೂ ಗೊತ್ತು. ಚರ್ಮದ ರೆಸಿಸ್ಟೆನ್ಸ್ ಒಂದೇ ಥರ ಇರಲ್ಲ. ನಮ್ಮ ಕರಾವಳಿಯ ಸೆಖೆಯಲ್ಲಿ ಬೆವರಿದಾಗ ಇಳಿದುಬಿಡುತ್ತೆ, ಕರೆಂಟು ಏರುತ್ತೆ. ಪ್ಯಾಡು ಚಿಕ್ಕದಾಗಿದ್ರೆ, ಒಣಗಿದ್ರೆ, ಒಂದೇ ಬಿಂದುವಿನಲ್ಲಿ ಹರಿದು ಚರ್ಮ ಸುಡುತ್ತೆ. ಮೂರ್ಛೆರೋಗ ಇರುವವರು, ತಲೆಯಲ್ಲಿ ಲೋಹದ ತುಂಡೋ ಉಪಕರಣವೋ ಇರುವವರು ಇದರ ಹತ್ತಿರವೂ ಹೋಗಬಾರದು. 2016ರಲ್ಲಿ ಈ ಕ್ಷೇತ್ರದ 39 ಸಂಶೋಧಕರು ಸೇರಿ ಮನೆಯಲ್ಲಿ ಮಾಡಿಕೊಳ್ಳುವವರಿಗೊಂದು ಬಹಿರಂಗ ಪತ್ರವನ್ನೇ ಬರೆದ್ರು. ಕರೆಂಟು ನೀವು ಅಂದುಕೊಂಡ ಜಾಗದಲ್ಲಷ್ಟೇ ಹರಿಯಲ್ಲ, ಒಂದು ಸಾಮರ್ಥ್ಯ ಹೆಚ್ಚಿಸಲು ಹೋಗಿ ಇನ್ನೊಂದು ಕುಗ್ಗಬಹುದು ಅಂತ. ಇದು ಬರೀ ಹೆದರಿಕೆ ಅಲ್ಲ. 2013ರ ಆಕ್ಸ್‌ಫರ್ಡ್‌ನ ಒಂದು ಪ್ರಯೋಗದಲ್ಲಿ ಹೊಸ ಅಂಕಿಗಳನ್ನ ಬೇಗ ಕಲಿತವರಿಗೆ, ಕಲಿತದ್ದನ್ನ ಸಲೀಸಾಗಿ ಬಳಸೋದು ಕಷ್ಟವಾಗಿತ್ತು. ಕರೆಂಟಿನ ಜಾಗ ಬದಲಿಸಿದಾಗ ಉಲ್ಟಾ.

ಹಾಗಂತ ಇಡೀ ವಿದ್ಯೆಯೇ ಮೋಸ ಅಂತ ನಾನು ಹೇಳಿದೆ ಅಂತ ತಿಳಿಯಬೇಡಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೇ ಮಂದ ವಿದ್ಯುತ್ತು ರೋಗಿಗಳ ಕೈ ಹಿಡಿದಿದೆ. ಸ್ಕಿಜೋಫ್ರೇನಿಯಾದಲ್ಲಿ ಕೆಲವರಿಗೆ ಇಲ್ಲದ ದನಿ ಕಿವಿಯಲ್ಲಿ ಕೇಳ್ತಾ ಇರುತ್ತೆ, ಮಾತ್ರೆಗೂ ಬಗ್ಗಲ್ಲ. ಅಂಥವರಿಗೆ ಮಾತ್ರೆಯ ಜೊತೆಗೆ 2 ಮಿಲಿಆಂಪ್, 20 ನಿಮಿಷ, ದಿನಕ್ಕೆರಡು ಸಲ, ಐದು ದಿನ. ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ಈ ಬಗ್ಗೆ ಹತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡ್ತಿದೆ. ಅಲ್ಲಿ ವೈದ್ಯರು ರೋಗ ನೋಡ್ತಾರೆ, ಜಾಗ ಅಳೀತಾರೆ, ಫಲಿತಾಂಶ ದಾಖಲಿಸ್ತಾರೆ. ಆದರೆ ಗಮನಿಸಿ, ಅದು ರೋಗಕ್ಕೆ ಚಿಕಿತ್ಸೆ, ಎಚ್ಚರದಲ್ಲಿ ಕೊಡುವಂಥದ್ದು. ಆರೋಗ್ಯವಾಗಿರುವ ಹದಿನೇಳರ ಹುಡುಗನ ರ‍್ಯಾಂಕಿಗೆ ಕೊಡುವ ಟಾನಿಕ್ ಅಲ್ಲ.

ಅದೇ ನಿಮ್ಹಾನ್ಸ್‌ನ ನ್ಯೂರೋಫಿಸಿಯಾಲಜಿ ವಿಭಾಗದಲ್ಲಿ ಡಾ. ಬಿಂದು ಕುಟ್ಟಿ ಮತ್ತು ಸಂಗಡಿಗರು ನಿದ್ದೆಯ ಅಲೆಗಳನ್ನೇ ಹಿಡಿದು ಕೂತವರು. ವಯಸ್ಸಾದಂತೆ ಗಾಢ ನಿದ್ದೆಯ ಈ ಅಲೆಗಳು ಇಳಿಯುತ್ತಾ ಹೋಗ್ತವೆ. ಅಜ್ಜ ಅಜ್ಜಿಯರ ನಿದ್ದೆ ‘ಕೋಳಿನಿದ್ದೆ’ ಆಗೋದು ಇದಕ್ಕೇ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ವಿಪಶ್ಯನ ಧ್ಯಾನದಂಥದ್ದನ್ನ ನಿಯಮಿತವಾಗಿ ಮಾಡಿಕೊಂಡು ಬಂದ ಮಧ್ಯವಯಸ್ಕರಲ್ಲಿ ಗಾಢ ನಿದ್ದೆ ಅಷ್ಟಾಗಿ ಇಳಿದಿರಲಿಲ್ಲ. ಧ್ಯಾನದಿಂದಲೇ ಹಾಗಾಯ್ತಾ, ಅಥವಾ ಧ್ಯಾನ ಮಾಡುವ ಜಾಯಮಾನದವರ ಬದುಕೇ ಶಿಸ್ತಿನದ್ದಾ ಅಂತ ಕೇಳಬಹುದು, ಕೇಳಬೇಕು. ಆದರೂ ನನಗೆ ಇದು ಹಣೆಪಟ್ಟಿಗಿಂತ ಹೆಚ್ಚು ಕುತೂಹಲದ ಸುದ್ದಿ.

ಈಗ ಮತ್ತೆ ಕುಮಟಾಕ್ಕೆ. ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ಆ ತಾಯಿಗೆ ಫೋನ್ ಮಾಡಿದೆ. ಕರೆಂಟಿನ ಮಾತು ಎತ್ತಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: ‘ಅಕ್ಕಾ, ಮಗ ಎಷ್ಟು ಹೊತ್ತಿಗೆ ಮಲಗ್ತಾನೆ?’

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾದ್ರು. ಆಮೇಲೆ ಲೆಕ್ಕ ಬಿಚ್ಚಿದ್ರು. ಬೆಳಗ್ಗೆ ಐದಕ್ಕೆ ಏಳಬೇಕು, ಆರೂ ಕಾಲಿನ ಬಸ್ಸು ತಪ್ಪಿದ್ರೆ ಕೋಚಿಂಗ್ ತಪ್ಪಿತು. ಆಮೇಲೆ ಕಾಲೇಜು. ಸಂಜೆ ಟ್ಯೂಷನ್. ಮನೆ ತಲುಪೋದು ರಾತ್ರಿ ಎಂಟಕ್ಕೆ. ಊಟ, ಹೋಂವರ್ಕ್, ಒಂದು ಗಂಟೆವರೆಗೆ ಓದು. ‘ಆಮೇಲೆ ಒಂದಿಷ್ಟು ಹೊತ್ತು ಮೊಬೈಲ್ ನೋಡ್ತಾನೆ ಸರ್, ಪಾಪ, ಅದೂ ಬೇಡ ಅಂದ್ರೆ ಹೇಗೆ?’ ಅಂದ್ರು. ಅಂದ್ರೆ ಮೂರೂವರೆ ಗಂಟೆ ನಿದ್ದೆ. ಆ ವಯಸ್ಸಿಗೆ ನಿದ್ರಾತಜ್ಞರು ಹೇಳೋದು ಎಂಟರಿಂದ ಹತ್ತು ಗಂಟೆ.

ದಕ್ಕೆಯ ಮೇಲೆ ಮೀನು ಬೆಳಗಿನಿಂದ ಬಂದು ಬೀಳ್ತಾನೇ ಇದೆ. ಕೋಚಿಂಗಿನದ್ದು, ಕಾಲೇಜಿನದ್ದು, ಟ್ಯೂಷನ್ನಿನದ್ದು. ಆರಿಸೋಕೆ, ಐಸಿಗೆ ಹಾಕೋಕೆ ಪುರುಸೊತ್ತೇ ಕೊಟ್ಟಿಲ್ಲ. ಹುಡುಗ ‘ನಿಲ್ಲೂದಿಲ್ಲ’ ಅಂದಿದ್ದು ಸೋಮಾರಿತನದ ಮಾತಲ್ಲ, ದೂರು. ಸರಿಯಾದ ದೂರು.

ಯಾರೋ ಕೇಳ್ತಾರೆ, ರಾತ್ರಿಯ ಮೊದಲ ಭಾಗದಲ್ಲೇ ಗಾಢ ನಿದ್ದೆ ಹೆಚ್ಚು ಅಂತಾರಲ್ಲ, ಹಾಗಾದ್ರೆ ಮೂರೂವರೆ ಗಂಟೆ ಸಾಲದಾ ಅಂತ. ಅರ್ಧ ಸರಿ. ಗಾಢ ನಿದ್ದೆ ಮೊದಲ ಪಾಲಿನಲ್ಲಿ ಜಾಸ್ತಿ. ಆದರೆ ಸ್ಪಿಂಡಲ್‌ಗಳು ತುಂಬಿರುವ ನಿದ್ದೆಯೂ, ಕನಸಿನ ನಿದ್ದೆಯೂ ಬೆಳಗಿನ ಜಾವದ ಕಡೆ ಹೆಚ್ಚು. ಅಲಾರಂ ಕತ್ತರಿಸೋದು ಅದನ್ನೇ. ಮೇಲಾಗಿ ಇವತ್ತು ನಿದ್ದೆಗೆಟ್ಟವನ ದಕ್ಕೆಯಲ್ಲಿ ನಾಳೆಯ ಮೀನಿಗೆ ಜಾಗವೂ ಕಡಿಮೆ. ಹೊಸದಾಗಿ ಕಲಿಯುವ ಶಕ್ತಿಯೇ ಕುಗ್ಗಿರುತ್ತೆ.

ಇನ್ನು ರಾತ್ರಿಯೇ ಕೆಲಸವಾದವರ ಕಥೆ? ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಬರಲೇಬೇಕು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದ ಊರು ನಮ್ಮದು. ಬೆಳತನಕ ಯಕ್ಷಗಾನ ಕುಣಿದು, ನೂರಾರು ಪದ್ಯ ತಲೆಯಲ್ಲಿಟ್ಟುಕೊಂಡು ಅರ್ಥ ಹೇಳಿ, ಬೆಳಗಾದ ಮೇಲೆ ಮಲಗಿದ ಕಲಾವಿದರು ಎಷ್ಟು ಜನ! ಅಮ್ಮನ ತವರು ಹೊನ್ನಾವರ. ಚಿಕ್ಕವನಿದ್ದಾಗ ಅಜ್ಜನ ತೊಡೆಯ ಮೇಲೆ ಆಟ ನೋಡ್ತಾ ಎರಡನೇ ಪ್ರಸಂಗಕ್ಕೆ ಮೊದಲೇ ನಿದ್ದೆ ಹೋದವನು ನಾನು, ಹಾಗಾಗಿ ಅವರ ಮೇಲೆ ಅಸೂಯೆ. ಗಾಢ ನಿದ್ದೆಯ ಅಲೆ ಗಡಿಯಾರ ನೋಡಿ ಬರೋದಕ್ಕಿಂತ ಹೆಚ್ಚಾಗಿ ಎಷ್ಟು ಹೊತ್ತು ಎಚ್ಚರವಿದ್ರಿ ಅನ್ನೋದನ್ನ ನೋಡಿ ಬರುತ್ತೆ. ಹಗಲಲ್ಲಿ ಮಲಗಿದ್ರೂ ಬರುತ್ತೆ. ತೊಂದರೆ ಏನಂದ್ರೆ ಹಗಲಿನ ನಿದ್ದೆ ಬೇಗ ಮುರಿಯುತ್ತೆ. ಬೆಳಕು, ಸದ್ದು, ಸೆಖೆ, ಬಾಗಿಲು ತಟ್ಟುವ ನೆಂಟರು. ರಾತ್ರಿ ಬಲೆ ಹಾಕಿ ಬಂದು ಬೆಳಗ್ಗೆ ಮಲಗುವ ಮೀನುಗಾರನ ಮನೆಯಲ್ಲಿ ಕತ್ತಲೆ ಕೋಣೆ, ಸದ್ದಿಲ್ಲದ ನಾಲ್ಕು ಗಂಟೆ ಸಿಕ್ಕಿದ್ರೆ ಅದು ಯಾವ ಪಟ್ಟಿಗೂ ಕಮ್ಮಿಯಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಯಾರಾದ್ರೂ ಜೋರಾಗಿ ಗೊರಕೆ ಹೊಡೀತಾ ನಡುನಡುವೆ ಉಸಿರು ನಿಲ್ಲಿಸಿ ಬೆಚ್ಚಿಬೀಳ್ತಾರಾ? ಎಂಟು ಗಂಟೆ ಮಲಗಿದ್ರೂ ಹಗಲು ತೂಕಡಿಸ್ತಾರಾ? ಅದು ಸ್ಲೀಪ್ ಆಪ್ನಿಯಾ ಇರಬಹುದು. ಆ ನಿದ್ದೆಯಲ್ಲಿ ಅಲೆ ನೆಲೆ ನಿಲ್ಲೋದೇ ಇಲ್ಲ, ಮರೆವು ಬರುತ್ತೆ, ಬಿಪಿಯೂ ಏರುತ್ತೆ. ಇದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆ ಇದೆ. ಹದಿನೆಂಟು ಸಾವಿರ ಖರ್ಚು ಮಾಡಲೇಬೇಕು ಅಂತಿದ್ರೆ ಅಲ್ಲಿ ಮಾಡಿ. ಅದಕ್ಕೂ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕಲ್ಲ ಅಂತ ನೀವಂದ್ರೆ ನನ್ನ ಹತ್ತಿರ ಉತ್ತರ ಇಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನ ಉಡುಪಿ ಕಡೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿದ ದೃಶ್ಯವನ್ನ ನಾವೇ ಎಷ್ಟು ಸಲ ತೋರಿಸಿದ್ವಿ. ‘ಆಸ್ಪತ್ರೆ ಇಲ್ಲ ಅಂದ್ರೆ ಓಟಿಲ್ಲ’ ಅಂತ ಜಿಲ್ಲೆಯ ಜನ ಎದ್ದು ನಿಂತಿದ್ದೂ ಆಗಲೇ.

ಆ ತಾಯಿ ಪಟ್ಟಿ ಕೊಳ್ಳಲಿಲ್ಲ. ಹದಿನೈದು ದಿನ ಬಿಟ್ಟು ಅವರೇ ಫೋನ್ ಮಾಡಿದ್ರು. ಬೆಳಗಿನ ಕೋಚಿಂಗ್ ಬಿಡಿಸಿದ್ದಾರೆ. ಮೊಬೈಲು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ. ಕಷ್ಟದ ಪಾಠವನ್ನ ಹತ್ತು ಗಂಟೆಗೊಮ್ಮೆ ಓದಿ, ಹತ್ತೂವರೆಗೆ ಮಲಗ್ತಾನೆ, ಆರಕ್ಕೆ ಏಳ್ತಾನೆ. ಮಾರ್ಕ್ಸಿನ ಕಥೆ ಇನ್ನೂ ಗೊತ್ತಿಲ್ಲ, ಯೂನಿಟ್ ಟೆಸ್ಟು ಮುಂದಿನ ವಾರ. ಒಳ್ಳೇದಾಯ್ತಲ್ಲ ಅಕ್ಕಾ ಅಂದೆ.

‘ಒಳ್ಳೇದೇ ಸರ್’ ಅಂದ್ರು. ‘ಆದ್ರೆ ಪಕ್ಕದ ಮನೆ ಹುಡುಗನ ಕೋಣೆಯ ಲೈಟು ರಾತ್ರಿ ಒಂದಾದ್ರೂ ಉರೀತಾ ಇರ್ತದೆ. ಇವ ಗೊರಕೆ ಹೊಡೀತಾ ಮಲಗಿದ್ದು ನೋಡಿದ್ರೆ ನನಗೇ ನಿದ್ದೆ ಬರೂದಿಲ್ಲ ಈಗ.’